ಬಲಶಾಲಿ ಸ್ಯಾಂಡೋ

ತೋಳಿಲ್ಲದ ಬನಿಯನ್ನನ್ನು ಸ್ಯಾಂಡೋ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ ನಮ್ಮ ಮಹನೀಯರಲ್ಲಿ, ಆ ಹೆಸರಿನ ಮನುಷ್ಯನೊಬ್ಬನಿದ್ದನೆಂಬುದನ್ನು ಬಲ್ಲವರು ವಿರಳ. ಒಂದು ಕಾಲದಲ್ಲಿ ಆತನ ಬಲದ ಖ್ಯಾತಿಯು ಭೂಖಂಡಗಳನ್ನು ದಾಟಿ ಹಬ್ಬಿದ್ದಿತು. ಆತನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುವುದು ಆತನು ಎಷ್ಟು ಮಣ ಎತ್ತಿದನೆಂದು ಬೆರಗುಗೊಳಿಸುವುದಕ್ಕಲ್ಲ. ಭಾರವೆತ್ತುವ ಅಭ್ಯಾಸವು ಮನುಷ್ಯನ ಧೈರ್ಯವನ್ನೂ ನಡತೆಯನ್ನೂ ಎಲ್ಲಿಯವರೆಗೆ ತಿದ್ದಬಲ್ಲುದು, ಎಲ್ಲಿ ಬಂದು ಕೈಚೆಲ್ಲುವುದು ಎಂಬೆರಡು ವಿಷಯಗಳಿಗೂ ಆತನ ಬಾಳಿನಲ್ಲಿ ನಿದರ್ಶನವುಂಟು.

ಯೂಜಿನ್ ಸ್ಯಾಂಡೋ ಹುಟ್ಟಿದ್ದು 1867ನೆಯ ಇಸವಿ ಏಪ್ರಿಲ್ 2ರಂದು, ಪ್ರಷ್ಯಾದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಈ ಊರು ರಷ್ಯದ ಪಾಲಾಗಿ ಕಲಿನಿನ್‌ಗ್ರಾದ್ ಎನಿಸಿತು. ಆತನ ಹುಟ್ಟುಹೆಸರು ಫ್ರೀಡ್ರಿಕ್ ವಿಲ್‌ಹೆಲ್ಮ್ ಮ್ಯೂಲರ್. ಬಾಲ್ಯದಲ್ಲಿ ತಾನು ಬಡಕಲು ಹುಡುಗನಾಗಿದ್ದನೆಂದೂ, ತಂದೆಯೊಡನೆ ಇಟಲಿಗೆ ಹೋಗಿ ಪ್ರಾಚೀನ ಶಿಲಾಪ್ರತಿಮೆಗಳನ್ನು ಕಂಡು ಅಂಥ ಮೈಕಟ್ಟನ್ನು ಪಡೆಯುವ ಪಣ ತೊಟ್ಟನೆಂದೂ ಆತನೇ ಬರೆದುಕೊಂಡಿದ್ದಾನೆ. ಪ್ರಸಿದ್ಧಿಗೆ ಬಂದವರು ತಮ್ಮ ಬಾಲ್ಯಕ್ಕೆ ಸ್ವಲ್ಪ ಬಣ್ಣ ಹಚ್ಚುವುದುಂಟು; ಈ ಕಥೆಯನ್ನು ಅಷ್ಟಕ್ಕೇ ಬಿಡೋಣ. ಕಡ್ಡಾಯದ ಸೈನ್ಯಸೇವೆಯನ್ನು ತಪ್ಪಿಸಿಕೊಂಡು ದೇಶ ಬಿಟ್ಟ ತರುಣನು ಸರ್ಕಸ್ಸು ಸೇರಿ, ಕಡೆಗೆ ಬ್ರಸೆಲ್ಸ್ ನಗರದಲ್ಲಿ ಆಟಿಲಾ ಎಂದು ಹೆಸರಾಗಿದ್ದ ಲೂಯಿ ಡುರ್ಲಾಕರನೆಂಬ ಗುರುವನ್ನು ಆಶ್ರಯಿಸಿದನು. ದೊಡ್ಡ ಭಾರಗಳನ್ನೆತ್ತುವ ವಿದ್ಯೆ ಆತನಿಗೆ ಒಲಿದದ್ದು ಇಲ್ಲಿ.

1889ರಲ್ಲಿ ಲಂಡನ್ನಿನ ರಾಯಲ್ ಅಕ್ವೇರಿಯಂ ರಂಗಸ್ಥಳದಲ್ಲಿ ಸ್ಯಾಂಪ್ಸನ್ ಎಂಬವನು ಸರಪಣಿ ಹರಿದು, ತನ್ನನ್ನು ಸರಿಗಟ್ಟಬಲ್ಲವರಿದ್ದರೆ ಬರಬಹುದೆಂದು ಸಭಿಕರಿಗೆ ಸವಾಲೆಸೆಯುತ್ತಿದ್ದನು. ಇಪ್ಪತ್ತೆರಡು ವರ್ಷದ ಸ್ಯಾಂಡೋ ಸಭೆಯ ನಡುವಿನಿಂದೆದ್ದು ಆ ಸವಾಲನ್ನು ಸ್ವೀಕರಿಸಿ, ಸ್ಯಾಂಪ್ಸನ್ ಮಾಡಿದ್ದನ್ನೆಲ್ಲ ತಾನೂ ಮಾಡಿ ಗೆದ್ದನು. ಪರಭಾಷೆಯ ಊರಿನಲ್ಲಿ ಸಾವಿರ ಕಣ್ಣುಗಳೆದುರು ಹೀಗೆ ಎದ್ದುನಿಲ್ಲುವ ಧೈರ್ಯ ಎಲ್ಲಿಂದ ಬಂದಿತು? ತನ್ನ ತೋಳು ಎಷ್ಟು ಪೌಂಡು ಹೊರುವುದು, ಎಷ್ಟು ಹೊರಲಾರದು ಎಂಬ ಲೆಕ್ಕ ಆತನಿಗೆ ತಿಳಿದಿತ್ತು. ತೂಕದ ಗುಂಡಿಗೆ ಮುಖಸ್ತುತಿಯೂ ತಿಳಿಯದು, ಶಿಫಾರಸು ಪತ್ರವೂ ನಾಟದು. ನಿನ್ನೆ ಏಳದಿದ್ದುದು ಇಂದು ಎದ್ದಿತೆಂದರೆ ಅದು ಯಾರೂ ದಯಪಾಲಿಸಿದ ಬಿರುದಲ್ಲ. ಇಂಥ ಗಳಿಕೆಯಿಂದ ಹುಟ್ಟಿದ ಆತ್ಮವಿಶ್ವಾಸಕ್ಕೂ ಬಾಯಿಬಡಿಕತನಕ್ಕೂ ಅಜಗಜಾಂತರವಿದೆ. ಮರುವರ್ಷವೇ ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಮೆಕ್ಯಾನ್ ಎಂಬವನೊಡನೆ ಪಂದ್ಯ ಹೂಡಿ, ಪಂಚರ ತೀರ್ಪಿನಂತೆ ಸ್ಯಾಂಡೋ ಸೋತನು. ಸೋತವನು ಮೂಲೆ ಸೇರಲಿಲ್ಲ. 1893ರಲ್ಲಿ ಅಮೆರಿಕೆಗೆ ಹೋಗಿ ಷಿಕಾಗೋ ನಗರವನ್ನು ಬೆರಗುಗೊಳಿಸಿದನು.

ಆದರೆ ನಮ್ಮ ಎಣಿಕೆಯಲ್ಲಿ ಆತನ ಹಿರಿಯ ಕಾರ್ಯವು ರಂಗಸ್ಥಳದ್ದಲ್ಲ. 1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ವ್ಯಾಯಾಮಶಾಲೆಯನ್ನು ತೆರೆದು, ಮರುವರ್ಷ ಒಂದು ಮಾಸಪತ್ರಿಕೆಯನ್ನೂ ಹೊರಡಿಸಿ, ಮೇಜಿಗೆ ಬಾಗಿ ಬೆನ್ನು ಗೂನಾದ ಗುಮಾಸ್ತರ, ವರ್ತಕರ ಕೈಗೆ ಡಂಬೆಲ್ಲುಗಳನ್ನು ಕೊಟ್ಟನಲ್ಲಾ, ಅದು ದೊಡ್ಡದು. ಆತನ ಕ್ರಮದಲ್ಲಿ ಮೊದಲಿಗೆ ಕೆಲವೇ ಪೌಂಡಿನ ಭಾರ. ಆದರೆ ಎತ್ತುವಾಗ ಚಿತ್ತವೆಲ್ಲ ಆಯಾ ಸ್ನಾಯುವಿನಲ್ಲೇ ನೆಲೆಸಿರಬೇಕು. ಎದೆ, ತೋಳು, ತೊಡೆಗಳ ಸುತ್ತಳತೆಯನ್ನು ಆಗಾಗ ಬರೆದಿಡಬೇಕು. ನಮ್ಮ ಕಚೇರಿಗಳ ಮಹನೀಯರು ಸರ್ಕಾರದ ಲೆಕ್ಕವನ್ನು ಕಾಸು ಬಿಡದೆ ಬರೆಯುತ್ತಾರೆ; ಸ್ವಂತ ದೇಹದ ಲೆಕ್ಕವನ್ನು ವೈದ್ಯನು ಬರೆಯುವವರೆಗೂ ಕಾಯುತ್ತಾರೆ. ದಿನವೂ ನಿಯತ ಕಾಲದಲ್ಲಿ, ನೋಡುವವರಿಲ್ಲದ ಕೋಣೆಯಲ್ಲಿ, ಬೇಸರವಾದರೂ ಎಣಿಕೆ ತಪ್ಪಿಸದೆ ಎತ್ತಿ ಇಳಿಸುವವನಿಗೆ ಮೈ ತುಂಬುವುದಕ್ಕೆ ಮುಂಚೆಯೇ ಮಾತಿನ ನಿಷ್ಠೆ ಬರುತ್ತದೆ. ತನಗೆ ತಾನೇ ಕೊಟ್ಟ ಮಾತನ್ನು ಉಳಿಸಿಕೊಂಡವನು ಪರರಿಗೆ ಕೊಟ್ಟದ್ದನ್ನೂ ಉಳಿಸಿಕೊಂಡಾನು.

1901ರ ಸೆಪ್ಟೆಂಬರ್ 14ರಂದು ರಾಯಲ್ ಆಲ್ಬರ್ಟ್ ಸಭಾಮಂದಿರದಲ್ಲಿ ಆತನು ಶಿಷ್ಯರ ಸ್ಪರ್ಧೆಯೊಂದನ್ನು ನಡೆಸಿದನು. ಶಿಲ್ಪಿ ಚಾರ್ಲ್ಸ್ ಲಾಸ್, ಷರ್ಲಾಕ್ ಹೋಮ್ಸನ ಕಥೆಗಾರ ಕಾನನ್ ಡಾಯ್ಲ್ ಇವರು ಆತನೊಡನೆ ತೀರ್ಪುಗಾರರು. ಬರಿಯ ಗಾತ್ರಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಅವಯವಗಳ ಹೊಂದಿಕೆಗೂ ಆರೋಗ್ಯಕ್ಕೂ ಮಾನ್ಯತೆ. ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ ಎಂಬವನು ಚಿನ್ನದ ಪ್ರತಿಮೆಯನ್ನು ಗೆದ್ದನು. ಆ ದಿನಗಳಲ್ಲಿ ಬೋಯರ್ ಯುದ್ಧಕ್ಕೆ ಸಿಪಾಯಿಗಳಾಗಬಂದ ಆಂಗ್ಲ ನಗರಗಳ ತರುಣರಲ್ಲಿ ಬಹುಮಂದಿ ದೇಹದಾರ್ಢ್ಯ ಸಾಲದೆ ಹಿಂದಿರುಗಿಸಲ್ಪಟ್ಟಿದ್ದರು. ಲೋಕವನ್ನಾಳುತ್ತೇವೆಂದು ಬೀಗುತ್ತಿದ್ದ ಜನಕ್ಕೆ ಸ್ಯಾಂಡೋವಿನ ಅಗತ್ಯ ಬಿದ್ದದ್ದು ಹೀಗೆ.

1904-05ರಲ್ಲಿ ಆತನು ನಮ್ಮ ದೇಶಕ್ಕೂ ಬಂದು ಕಲ್ಕತ್ತೆ, ಮುಂಬಯಿ, ಮದರಾಸು ಮೊದಲಾದೆಡೆಗಳಲ್ಲಿ ಪ್ರದರ್ಶನವಿತ್ತನು. ಬಂಗಾಳದ ವಿಭಜನೆಯಾಗಿ ಸ್ವದೇಶೀ ಚಳವಳಿ ಹೊತ್ತಿಕೊಂಡುದು ಅದೇ 1905ರಲ್ಲಿ. ಮೆಕಾಲೆಯು 1841ರಲ್ಲಿ ವಾರನ್ ಹೇಸ್ಟಿಂಗ್ಸನನ್ನು ಕುರಿತ ಪ್ರಬಂಧದಲ್ಲಿ ಬಂಗಾಳಿಗಳನ್ನು ಹುಟ್ಟು ದುರ್ಬಲರೆಂಬಂತೆ ಹಳಿದಿದ್ದನು. ಆ ನಿಂದೆಯನ್ನು ಓದಿದ ನಮ್ಮವರಲ್ಲೇ ಹಲವರು ಅದನ್ನು ಅರ್ಧ ನಂಬಿಯೂ ಇದ್ದರು. ಬಲವು ಹುಟ್ಟಿನಿಂದ ಬಂದುದಲ್ಲ, ಅಭ್ಯಾಸದಿಂದ ಬರತಕ್ಕದ್ದು ಎಂಬ ಸ್ಯಾಂಡೋವಿನ ಸಿದ್ಧಾಂತವು ಈ ಕಟ್ಟುಕಥೆಯ ಬುಡಕ್ಕೇ ಕೊಡಲಿಯಾಯಿತು. ನಮ್ಮವರು ಆತನಿಗಾಗಿ ಕಾದು ಕುಳಿತಿರಲಿಲ್ಲವೆನ್ನಿ. ಕಲ್ಕತ್ತೆಯಲ್ಲಿ 1902ರಲ್ಲೇ ಅನುಶೀಲನ ಸಮಿತಿ ಹುಟ್ಟಿತ್ತು. ಸರಳಾದೇವಿಯವರು ತರುಣರಿಗೆ ಕತ್ತಿವರಸೆ, ಲಾಠಿಗಳ ಶಿಕ್ಷಣವನ್ನು ಏರ್ಪಡಿಸಿದ್ದರು. ನಮ್ಮ ಗರಡಿಗಳ ಸಾಮುವಂತೂ ಬಹು ಹಿಂದಿನದು. ಇಲ್ಲಿ ತಿರುಗಿಸುತ್ತಿದ್ದ ಮರದ ಗದೆಗಳನ್ನು ಕಂಡು ಕಲಿತ ಆಂಗ್ಲ ಸೇನೆಯವರೇ ಅವನ್ನು ಇಂಡಿಯನ್ ಕ್ಲಬ್ ಎಂಬ ಹೆಸರಿನಿಂದ ತಮ್ಮ ನಾಡಿಗೆ ಒಯ್ದರು. ಮುಂದೆ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಪಶ್ಚಿಮದ ಭಾರಗಳನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಛಾವಣಿಯಡಿ ತಂದರು.

ಇಷ್ಟೆಲ್ಲ ಕಲಿಸಿದ ಸ್ಯಾಂಡೋ ಸ್ವತಃ ಪರಿಪೂರ್ಣನೇ? ಹಾಗೆನ್ನಲಾರೆವು. ಮೈಯನ್ನು ಕಂಡು ಜನ ಹೊಗಳುವುದು ಆತನಿಗೆ ಕಡೆಯವರೆಗೂ ರುಚಿಸಿತು. ವ್ಯಾಯಾಮವು ಕ್ರಮೇಣ ವ್ಯಾಪಾರವಾಗಿ, ಆತನ ಹೆಸರಿನಲ್ಲಿ ಕೋಕೋ ಪುಡಿಯೂ ಮಾರಾಟಕ್ಕೆ ಬಂದಿತು. ದೇಹವನ್ನು ಇಂಚಿಂಚಾಗಿ ಅಳೆದವನು ಆಸೆಯನ್ನು ಅಳೆಯಲಿಲ್ಲ. 1911ರಲ್ಲಿ ದೊರೆ ಐದನೆಯ ಜಾರ್ಜ್ ಆತನನ್ನು ತನ್ನ ವ್ಯಾಯಾಮದ ಪ್ರೊಫೆಸರನೆಂದು ನಿಯಮಿಸಿದನು; ಮೂರೇ ವರ್ಷಕ್ಕೆ ಮಹಾಯುದ್ಧ ಬಂದು, ಬ್ರಿಟಿಷ್ ಪ್ರಜೆಯಾಗಿದ್ದರೂ ಜರ್ಮನ್ ಮೂಲವು ಆತನಿಗೆ ಮುಳುವಾಯಿತು. 1916ರಲ್ಲಿ ಕೋಕೋ ವ್ಯಾಪಾರ ಮುಳುಗಿತು.

ಸ್ಯಾಂಡೋ 1925ರ ಅಕ್ಟೋಬರ್ 14ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಹಳ್ಳಕ್ಕೆ ಬಿದ್ದ ಮೋಟಾರನ್ನು ಒಬ್ಬನೇ ಎತ್ತಿದ್ದರಿಂದ ಸತ್ತನೆಂದು ಜನ ಕಥೆ ಕಟ್ಟಿದರು. ಮಹಾಧಮನಿಯ ಊತವೆಂದು ದಾಖಲೆ ಹೇಳುತ್ತದೆ. ದಾಂಪತ್ಯದಲ್ಲಿ ನೊಂದಿದ್ದ ಹೆಂಡತಿ ಪಟ್ನಿ ವೇಲ್ ಸ್ಮಶಾನದ ಗೋರಿಯ ಮೇಲೆ ಕಲ್ಲು ನೆಡಿಸಲಿಲ್ಲ. ಮುಕ್ಕಾಲು ಶತಮಾನ ಆ ನೆಲ ಗುರುತಿಲ್ಲದೆ ಇದ್ದಿತು. 2008ರಲ್ಲಿ ಆತನ ವಂಶದವನೊಬ್ಬನು ಅಲ್ಲಿ ಒಂದು ದೊಡ್ಡ ಬಂಡೆಯನ್ನು ನಿಲ್ಲಿಸಿ ಸ್ಯಾಂಡೋ ಎಂದು ಕೆತ್ತಿಸಿದನು.