ಹೈದರಾಲಿ ಮತ್ತು ಶಿರಾದ ಖಾನ್ ಬಾಗ್

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿವೆ. ಇಲ್ಲಿನ ಮುಖ್ಯ ಮಳೆಗಾಲ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳು; ಬೇಸಿಗೆಯಲ್ಲಿ ತೋಟಗಳಿಗೆ ಕೆರೆ, ಬಾವಿಗಳ ನೀರೇ ಆಧಾರ. ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆ ದೊರೆತದ್ದು ಈ ಒಣನಾಡಿನಿಂದಲೇ ಎಂಬ ಅಭಿಪ್ರಾಯವಿದೆ.

ಹೈದರಾಲಿಯು ಸುಮಾರು 1720ರಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದನು. ಇವನ ತಂದೆ ಫತೇ ಮಹಮ್ಮದನು ಶಿರಾ ಸುಬೇದಾರನ ಸೇವೆಯಲ್ಲಿದ್ದನು. ದಿಲಾವರ್ ಖಾನನ ಆಳ್ವಿಕೆಯಲ್ಲಿ ಶಿರಾ ಏಳಿಗೆ ಹೊಂದಿತು. ಅಲ್ಲಿ ಖಾನ್ ಬಾಗ್ ಎಂಬ ಉದ್ಯಾನವಿತ್ತು.

ಮೈಸೂರಿನ ಸೈನ್ಯದಲ್ಲಿ ಮೇಲೇರಿದ ಹೈದರಾಲಿಯು 1760ರಲ್ಲಿ ಲಾಲ್‌ಬಾಗಿನ ನಿರ್ಮಾಣವನ್ನು ಆರಂಭಿಸಿದನು. ಶಿರಾ ಅವನ ವಶವಾದದ್ದು 1761ರಲ್ಲಿ. ಆದರೂ ತಂದೆ ದುಡಿದ ಊರಿನ ಉದ್ಯಾನದ ಪರಿಚಯ ಅವನಿಗೆ ಮೊದಲೇ ಇದ್ದಿರಬೇಕೆಂದು ಭಾವಿಸುವುದು ಅಸಹಜವಲ್ಲ. ಬಸಾಲತ್ ಜಂಗನು ಅವನಿಗೆ ಶಿರಾದ ನವಾಬನೆಂಬ ಬಿರುದನ್ನು ನೀಡಿದನು. 1766ರಲ್ಲಿ ಮರಾಠರ ಪಾಲಾದ ಶಿರಾವನ್ನು 1774ರಲ್ಲಿ ಟಿಪ್ಪು ಮರಳಿ ಗೆದ್ದನು.

ಹೈದರಾಲಿಯು 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪ ನಿಧನನಾದನು. ಟಿಪ್ಪುವು ದೂರದೇಶಗಳಿಂದ ಸಸ್ಯಗಳನ್ನು ತರಿಸಿ ಲಾಲ್‌ಬಾಗನ್ನು ಬೆಳೆಸಿದನು. ಶಿರಾದ 12,000 ಕುಟುಂಬಗಳನ್ನು ಬಲವಂತವಾಗಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದವನೂ ಅವನೇ. ಆ ಬಳಿಕ ಶಿರಾ ನಗರವು ಹಿಂದಿನ ವೈಭವಕ್ಕೆ ಮರಳಲಿಲ್ಲ.