ಒಥೆಲೊನನ್ನು ಶೂರಸೇನನಾಗಿಸಿದ ಬಸವಪ್ಪ ಶಾಸ್ತ್ರಿ

ಚಿಮ್ಮಡ: ಇಂಗ್ಲಿಷ್ ಬಾರದ ಸಂಸ್ಕೃತ ಪಂಡಿತರೊಬ್ಬರು ಷೇಕ್ಸ್‌ಪಿಯರ್‌ನ ನಾಟಕವನ್ನು ಕನ್ನಡಕ್ಕೆ ತಂದರೆಂದರೆ ಇಂದು ನಂಬುವುದು ಕಷ್ಟ. ಆದರೆ ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಅದು ನಡೆಯಿತು. 'ಒಥೆಲೊ' ನಾಟಕವನ್ನು 'ಶೂರಸೇನ ಚರಿತ್ರೆ'ಯಾಗಿ ರೂಪಾಂತರಿಸಿದ ಆ ಕವಿಯೇ ಅಭಿನವ ಕಾಳಿದಾಸ ಎಂಬ ಬಿರುದಿಗೆ ಪಾತ್ರರಾದ ಬಸವಪ್ಪ ಶಾಸ್ತ್ರಿಗಳು.

ಮೈಸೂರಿನ ಈ ಕಥೆಗೂ ಕೃಷ್ಣಾ ತೀರದ ಈ ಸೀಮೆಗೂ ಒಂದು ನಂಟಿದೆ. ಚಿಮ್ಮಡಕ್ಕೆ ಸಮೀಪದ ರಬಕವಿ, ತೇರದಾಳಗಳು ಸ್ವಾತಂತ್ರ್ಯಪೂರ್ವದಲ್ಲಿ ಸಾಂಗ್ಲಿಯ ಪಟವರ್ಧನರ ಆಳ್ವಿಕೆಗೆ ಒಳಪಟ್ಟಿದ್ದವು. ಜಮಖಂಡಿಯನ್ನು ಆಳಿದವರೂ ಅದೇ ಮನೆತನದ ಇನ್ನೊಂದು ಶಾಖೆಯವರು. ಕನ್ನಡ ಕರಾವಳಿಯ ಕರ್ಕಿಯ ಭಾಗವತರ ಆಟವನ್ನು ಕಂಡು ಮೆಚ್ಚಿದ ಸಾಂಗ್ಲಿಯ ದೊರೆ ಅಂಥದೇ ಪ್ರಯೋಗವನ್ನು ಮರಾಠಿಯಲ್ಲಿ ಮಾಡುವಂತೆ ವಿಷ್ಣುದಾಸ ಭಾವೆಯವರನ್ನು ಪ್ರೇರೇಪಿಸಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗವೇರಿ ಮರಾಠಿ ರಂಗಭೂಮಿಗೆ ನಾಂದಿಯಾಯಿತು. ಮುಂದೆ 1880ರ ಸುಮಾರಿಗೆ ಸಾಂಗ್ಲಿಯ ನಾಟಕ ಮಂಡಳಿಯು ಮೈಸೂರಿಗೆ ಬಂದು ಪ್ರದರ್ಶನ ನೀಡಿದಾಗ, ಕನ್ನಡಕ್ಕೂ ಇಂಥ ರಂಗಭೂಮಿ ಬೇಕೆಂಬ ಹಂಬಲ ಅಲ್ಲಿ ಮೂಡಿತು. ಕನ್ನಡದಿಂದ ಹೋದ ಕಿಡಿ ಮರಾಠಿಯ ಮೂಲಕ ದೀಪವಾಗಿ ಮರಳಿತೆಂದರೆ ತಪ್ಪಾಗಲಾರದು.

ಸಾಂಗ್ಲಿಯಲ್ಲಿ ಮೊದಲ ನಾಟಕ ನಡೆದ 1843ರಲ್ಲಿಯೇ ನಾರಸಂದ್ರ ಗ್ರಾಮದಲ್ಲಿ ಬಸವಪ್ಪ ಶಾಸ್ತ್ರಿಗಳು ಜನಿಸಿದ್ದು ಕಾಕತಾಳೀಯ. ತಂದೆ ಮಹಾದೇವ ಶಾಸ್ತ್ರಿಗಳು ಮೈಸೂರು ಅರಮನೆಯ ಆಶ್ರಯದಲ್ಲಿದ್ದ ವಿದ್ವಾಂಸರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆಯಿತು. ಗರಳಪುರಿ ಶಾಸ್ತ್ರಿಗಳಂಥ ಪಂಡಿತರ ಬಳಿ ಸಂಸ್ಕೃತ ಕಲಿತ ಅವರು ಕನ್ನಡ ಕಾವ್ಯದಲ್ಲಿಯೂ ಸಮಾನ ಪ್ರಭುತ್ವ ಗಳಿಸಿ ಆಸ್ಥಾನ ಕವಿಯಾದರು. ರಾಜಕುಮಾರ ಚಾಮರಾಜೇಂದ್ರ ಒಡೆಯರಿಗೆ ಕನ್ನಡ ಕಲಿಸುವ ಹೊಣೆಯೂ ಅವರದಾಯಿತು.

1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದರು. ಶಿಷ್ಯನೇ ಅರಸನಾದುದು ಗುರುವಿನ ಪಾಲಿಗಷ್ಟೇ ಅಲ್ಲ, ಕನ್ನಡ ನಾಟಕದ ಪಾಲಿಗೂ ಶುಭಕಾಲವಾಯಿತು. ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ಬೆಳೆಯಿತು. ನಟರಿದ್ದರು, ರಂಗವಿತ್ತು, ನೋಡಲು ಅರಸನಿದ್ದ. ಆಡಲು ಕನ್ನಡ ನಾಟಕಗಳೇ ಇರಲಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ಶಾಸ್ತ್ರಿಗಳು ಅಗ್ರಗಣ್ಯರು. ಅವರ ಕನ್ನಡ 'ಶಾಕುಂತಲ' ಜನಮನ ಸೂರೆಗೊಂಡು ಅಭಿನವ ಕಾಳಿದಾಸ ಎಂಬ ಬಿರುದನ್ನು ಸಾರ್ಥಕಗೊಳಿಸಿತು. ವಿಕ್ರಮೋರ್ವಶೀಯ, ರತ್ನಾವಳಿ, ಉತ್ತರರಾಮಚರಿತೆ, ಮಾಲತೀಮಾಧವ, ಚಂಡಕೌಶಿಕ ನಾಟಕಗಳೂ ಅವರ ಲೇಖನಿಯಿಂದ ಕನ್ನಡದ ರೂಪ ಪಡೆದವು. ಮೈಸೂರು ಸಂಸ್ಥಾನದ ನಾಡಗೀತೆ 'ಕಾಯೌ ಶ್ರೀಗೌರಿ' ಅವರದೇ ರಚನೆ.

ಈ ಸಂಸ್ಕೃತ ನಾಟಕಗಳ ಸಾಲಿನಲ್ಲಿ 'ಶೂರಸೇನ ಚರಿತ್ರೆ' ಬೇರೆಯಾಗಿಯೇ ನಿಲ್ಲುತ್ತದೆ. ಮೂಲಕೃತಿಯನ್ನು ಓದಿ ತಿಳಿಯುವ ಅವಕಾಶ ಕವಿಗಿರಲಿಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ನಾಟಕವನ್ನು ಕನ್ನಡದಲ್ಲಿ ತಿಳಿಸಿಕೊಟ್ಟರು. ಅದನ್ನು ಗ್ರಹಿಸಿದ ಶಾಸ್ತ್ರಿಗಳು ಗದ್ಯಪದ್ಯಗಳ ನಾಟಕವಾಗಿ ಕಟ್ಟಿದರು. ವೆನಿಸ್ ನಗರದ ಸೇನಾಪತಿ ಶೂರಸೇನನಾದ. ಹೆಸರು, ನೆಲ, ನಡೆನುಡಿಗಳೆಲ್ಲ ಭಾರತೀಯವಾದವು. ಮಾತಿನಲ್ಲಿ ಹರಿಯುತ್ತಿದ್ದ ಭಾವ ರಾಗತಾಳಗಳಿಗೆ ಒಗ್ಗುವ ಪದ್ಯಗಳಾಗಿ ಮಾರ್ಪಟ್ಟಿತು. ಹಾಡಿಲ್ಲದ ನಾಟಕವನ್ನು ಅಂದಿನ ಪ್ರೇಕ್ಷಕರು ಒಪ್ಪುವಂತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ರೂಪಾಂತರದಲ್ಲಿ ನಷ್ಟವೂ ಇದೆ. ಬಿಳಿಯರ ನಡುವೆ ಹೊರಗಿನವನಾಗಿಯೇ ಉಳಿದ ಕಪ್ಪು ವರ್ಣದ ವೀರನ ಒಂಟಿತನ ಒಥೆಲೊ ನಾಟಕದ ಜೀವಾಳ. ಕಥೆ ಭಾರತದ ರಾಜ್ಯವೊಂದಕ್ಕೆ ಬಂದಾಗ ಆ ನೋವಿನ ತೀವ್ರತೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಚಾಡಿಮಾತಿಗೆ ಕಿವಿಗೊಟ್ಟು ಕಟ್ಟಿಕೊಂಡವಳನ್ನೇ ಶಂಕಿಸುವ ಗಂಡ ಯಾವ ನಾಡಿಗೂ ಅಪರಿಚಿತನಲ್ಲ. ಕನ್ನಡ ರಂಗಕ್ಕೆ ಈ ಕಥೆಯನ್ನು ಹತ್ತಿರವಾಗಿಸಿದ್ದು ಇದೇ ಸಂಶಯದ ಎಳೆ.

ಇದು ಕನ್ನಡಕ್ಕಷ್ಟೇ ಸೀಮಿತವಾದ ಮಾರ್ಗವಾಗಿರಲಿಲ್ಲ. ಜಪಾನಿನಲ್ಲಿ ಕಾವಾಕಾಮಿ ಒಟೊಜಿರೊ 1903ರಲ್ಲಿ ಒಥೆಲೊವನ್ನು ರಂಗಕ್ಕೆ ತಂದಾಗ ನಾಯಕನನ್ನು ಜಪಾನಿ ಸೇನಾನಿಯನ್ನಾಗಿಸಿ, ಕಥೆಯನ್ನು ಆಗ ಜಪಾನಿನ ವಸಾಹತುವಾಗಿದ್ದ ತೈವಾನ್‌ಗೆ ಒಯ್ದರು. ಅದಕ್ಕೂ ಮುನ್ನವೇ ಮೈಸೂರಿನ ಕವಿ ಅಂಥದೇ ಹಾದಿ ತುಳಿದಿದ್ದರೆಂಬುದು ಗಮನಾರ್ಹ.

ಅವರ ಸಮಕಾಲೀನರೂ ಈ ಹಾದಿಯಲ್ಲಿ ಸಾಗಿದರು. 'ರಾಮವರ್ಮ ಲೀಲಾವತಿ'ಯಾಗಿ ಬಂದ ರೋಮಿಯೊ ಜೂಲಿಯೆಟ್‌ನಲ್ಲಿ ಸತ್ತ ಪ್ರೇಮಿಗಳು ದೈವಕೃಪೆಯಿಂದ ಮತ್ತೆ ಬದುಕುತ್ತಾರೆ. ಮ್ಯಾಕ್‌ಬೆತ್‌ನನ್ನು ಶ್ರೀಕಂಠೇಶ ಗೌಡರು ಪ್ರತಾಪರುದ್ರದೇವನನ್ನಾಗಿಸಿದರು. ಇಂಗ್ಲಿಷನ್ನು ನೇರವಾಗಿ ಅರಗಿಸಿಕೊಂಡ ಕುವೆಂಪು ಅವರ 'ಬಿರುಗಾಳಿ' 1930ರಲ್ಲಿ, ಡಿ.ವಿ.ಜಿ. ಅವರ 'ಮ್ಯಾಕ್‌ಬೆತ್' 1936ರಲ್ಲಿ ಬಂದವು. ಮೂಲನಿಷ್ಠೆಯ ಅಳತೆಗೋಲಿನಿಂದ ನೋಡಿದರೆ ಮೊದಲ ತಲೆಮಾರಿನ ಕೃತಿಗಳು ಸಡಿಲವೆನಿಸಬಹುದು. ಆದರೆ ಅಪರಿಚಿತ ನಾಟಕಕಾರನೊಬ್ಬನನ್ನು ಮೊದಲು ಮನೆಯೊಳಗೆ ಕರೆತಂದ ಶ್ರಮ ಅವರದು.

ಬಸವಪ್ಪ ಶಾಸ್ತ್ರಿಗಳು 1891ರಲ್ಲಿ, ಐವತ್ತು ತುಂಬುವ ಮೊದಲೇ ನಿಧನರಾದರು. ಅವರ ನಾಡಗೀತೆ ದಸರೆಯ ವೇಳೆ ಇಂದಿಗೂ ಕೇಳಿಬರುತ್ತದೆ. ಶಾಕುಂತಲದ ಕೀರ್ತಿಯೂ ಅಳಿದಿಲ್ಲ. ಮರೆವಿಗೆ ಸಂದವರು ಪುಸ್ತಕ ಹಿಡಿದು ಕಥೆ ತಿಳಿಸಿದ ಸುಬ್ಬರಾಯರು. ಶೂರಸೇನನ ಹಿಂದೆ ಇಬ್ಬರಿದ್ದರು. ಒಬ್ಬರಿಗೆ ಭಾಷೆ ಗೊತ್ತಿತ್ತು, ಇನ್ನೊಬ್ಬರಿಗೆ ಕಾವ್ಯ ಗೊತ್ತಿತ್ತು. ತನಗೆ ಬಾರದ್ದನ್ನು ಇನ್ನೊಬ್ಬರಿಂದ ಕೇಳಿ ಕಲಿಯಲು ಆಸ್ಥಾನದ ಮಹಾಪಂಡಿತರೊಬ್ಬರು ಸಂಕೋಚಪಡಲಿಲ್ಲ. ಕನ್ನಡ ರಂಗಭೂಮಿಯ ಮೊದಲ ಷೇಕ್ಸ್‌ಪಿಯರ್ ಪ್ರಯೋಗಗಳಲ್ಲೊಂದು ಹುಟ್ಟಿದ್ದು ಆ ವಿನಯದಿಂದ.