ಡಾಕ್ಟರ್ ರುಖ್ಮಾಬಾಯಿ

ಎಳೆಯ ಹೆಣ್ಣುಮಕ್ಕಳ ದೇಹಕ್ಕೂ ಮನಸ್ಸಿಗೂ ಕಾನೂನಿನ ರಕ್ಷಣೆ ಬೇಕೆಂಬ ಮಾತು ನಮ್ಮ ದೇಶದಲ್ಲಿ ಬಲವಾಗಿ ಎದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಚರ್ಚೆಯ ನಡುವೆ ನಿಂತವಳು ಮುಂಬಯಿಯ ರುಖ್ಮಾಬಾಯಿ.

ಆಕೆ ಹುಟ್ಟಿದ್ದು 1864ರಲ್ಲಿ. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ ಜಯಂತಿಬಾಯಿ ಮುಂದೆ ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುಮದುವೆಯಾದಳು. ಹನ್ನೊಂದನೆಯ ವಯಸ್ಸಿನಲ್ಲಿ ರುಖ್ಮಾಬಾಯಿಗೆ ಹತ್ತೊಂಬತ್ತರ ದಾದಾಜಿ ಭಿಕಾಜಿಯೊಡನೆ ವಿವಾಹವಾಯಿತು. ಹುಡುಗಿ ಮೈನೆರೆದೊಡನೆ ಗಂಡನ ಮನೆಗೆ ಕಳುಹಿಸುವುದು ವಾಡಿಕೆ. ಮಲತಂದೆ ವೈದ್ಯರಾದುದರಿಂದ ಅದಕ್ಕೆ ಒಪ್ಪಲಿಲ್ಲ. ಹುಡುಗಿ ತವರಿನಲ್ಲಿಯೇ ಉಳಿದು ಓದಿನ ರುಚಿ ಕಂಡಳು. ಒಮ್ಮೆ ಪುಸ್ತಕ ಹಿಡಿದ ಮೇಲೆ ಮತ್ತೆ ಅದನ್ನು ಬಿಡಿಸುವುದು ಸುಲಭವಲ್ಲ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಇದು ಚೆನ್ನಾಗಿ ಗೊತ್ತು.

1884ರಲ್ಲಿ ದಾದಾಜಿ ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಬೇಕೆಂದು ದಾವೆ ಹೂಡಿದ. ಅರಿಯದ ವಯಸ್ಸಿನಲ್ಲಿ ಆದ ಮದುವೆಗೆ ತಾನು ಬದ್ಧಳಲ್ಲವೆಂಬುದು ಆಕೆಯ ವಾದ. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಊರೆಲ್ಲ ಗದ್ದಲವಾಯಿತು. ಸಂಪ್ರದಾಯಸ್ಥರಷ್ಟೇ ಅಲ್ಲ, ತಿಲಕರಂಥ ದೇಶಭಕ್ತರೂ ಆ ತೀರ್ಪನ್ನು ವಿರೋಧಿಸಿದರು. ಅಪೀಲಿನಲ್ಲಿ ತೀರ್ಪು ತಿರುವುಮುರುವಾಗಿ, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗು ಎಂದು 1887ರಲ್ಲಿ ಆಜ್ಞೆಯಾಯಿತು. ಸೆರೆಮನೆಯೇ ಆಗಲಿ ಎಂದಳು ರುಖ್ಮಾಬಾಯಿ. ವಯಸ್ಸು ಇಪ್ಪತ್ತಮೂರರ ಆಸುಪಾಸು. ಆ ಕಾಲದಲ್ಲಿ, ನ್ಯಾಯಾಲಯದ ಮುಂದೆ, ಆ ಮಾತಿಗೆ ಎಷ್ಟು ಎದೆಗಾರಿಕೆ ಬೇಕಾಗಿದ್ದಿರಬೇಕು! ಆಕೆ ಸೆರೆಮನೆಗೆ ಹೋಗಬೇಕಾಗಲಿಲ್ಲ. ವಿಕ್ಟೋರಿಯಾ ರಾಣಿಯೇ ಮದುವೆಯನ್ನು ರದ್ದುಮಾಡಿದಳೆಂಬ ಕಥೆಯೊಂದು ಪ್ರಚಾರದಲ್ಲಿದೆ; ಆದರೆ ನಡೆದದ್ದು ರಾಜಿ. 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ತನ್ನ ಹಕ್ಕನ್ನು ಬಿಟ್ಟುಕೊಟ್ಟ.

ಆಗ ಶಾಸನದಲ್ಲಿದ್ದ ಸಮ್ಮತಿಯ ವಯಸ್ಸು ಬರಿಯ ಹತ್ತು. ಬಂಗಾಳದಲ್ಲಿ ಫುಲ್ಮೋನಿ ಎಂಬ ಎಳೆಯ ಹೆಂಡತಿ ಗಂಡನ ಸಮಾಗಮದಿಂದಲೇ ಸತ್ತಳು. ಅವಳಿಗೆ ಹತ್ತು ತುಂಬಿದ್ದುದರಿಂದ ಅದು ಅತ್ಯಾಚಾರವೆನಿಸಲಿಲ್ಲ. 1890ರಲ್ಲಿ ಗಂಡನಿಗೆ ಒಂದು ವರ್ಷದ ಶಿಕ್ಷೆ ಮಾತ್ರ ಆಯಿತು. ಮಲಬಾರಿಯವರ ಚಳವಳಿ, ರುಖ್ಮಾಬಾಯಿಯ ಮೊಕದ್ದಮೆ, ಈ ಸಾವು, ಎಲ್ಲವೂ ಕೂಡಿ 1891ರಲ್ಲಿ ಆ ವಯಸ್ಸು ಹನ್ನೆರಡಕ್ಕೇರಿತು. ನಮ್ಮ ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದವರು ಹದಿನಾಲ್ಕರೊಳಗಿನ ಹುಡುಗಿಯರ ಕೈಹಿಡಿಯುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂದರೆ ಇಂದು ನಗು ಬರಬಹುದು. ಅಂದು ಅದಕ್ಕೂ ಕಾನೂನೇ ಬೇಕಾಯಿತು.

ಇತ್ತ ರುಖ್ಮಾಬಾಯಿ ಡಾಕ್ಟರ್ ಎಡಿತ್ ಪೀಚಿಯವರ ಪ್ರೋತ್ಸಾಹದಿಂದ 1889ರಲ್ಲಿ ಇಂಗ್ಲೆಂಡಿಗೆ ತೆರಳಿ, ವೈದ್ಯಪದವಿ ಪಡೆದು ಹಿಂತಿರುಗಿದಳು. ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಹೆಂಗಸರ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದಳು. ಮತ್ತೆ ಮದುವೆಯಾಗಲಿಲ್ಲ. 1955ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಳು.

ಒಂದು ಸಂಗತಿ ಮಾತ್ರ ನನಗೆ ಒಗಟಾಗಿಯೇ ಉಳಿದಿದೆ. 1904ರಲ್ಲಿ ದಾದಾಜಿ ತೀರಿಕೊಂಡಾಗ, ಯಾರ ಮನೆಗೆ ಹೋಗುವುದಕ್ಕಿಂತ ಸೆರೆಮನೆಯೇ ಲೇಸೆಂದಿದ್ದಳೋ ಆ ಗಂಡನಿಗಾಗಿ, ಆಕೆ ವಿಧವೆಯ ಬಿಳಿಯ ಸೀರೆಯುಟ್ಟಳು.